ಪೈಲ್ವಾನರ ಹೆಪ್ಪು

ನನ್ನ ಸೊಸೆ ಪೂರ್ಣಿಮಾಳ ಕುಡಿಕೆಯಲ್ಲಿ ಹಾಲು ಹಾಲಾಗಿಯೇ ಉಳಿದದ್ದನ್ನು ಮೊದಲು ಕಂಡವಳು ನಾನು. ಬಾಣಂತನ ಮುಗಿದು, ಅವಳು ಮತ್ತೆ ತನ್ನ ಕೈಯಾರೆ ಹೆಪ್ಪು ಹಾಕಿದ ಮಾರನೆಯ ಬೆಳಿಗ್ಗೆ ಅದು. ಜಗಲಿಗೆ ಇಡೋಣವೆಂದು ಕುಡಿಕೆ ಎತ್ತಿದರೆ ಒಳಗೆ ಹಾಲು ತುಳುಕಿತು. ಸುತ್ತ ನೋಡಿದೆ, ಪುಣ್ಯಕ್ಕೆ ಬೀದಿಯಲ್ಲಿ ಯಾರೂ ಇರಲಿಲ್ಲ. ಅವಳ ಕುಡಿಕೆಯನ್ನು ಒಳಗೆ ಬಚ್ಚಿಟ್ಟು, ನನ್ನ ಕುಡಿಕೆಯನ್ನೇ ಅವಳದೆಂದು ಹೊರಗಿಟ್ಟೆ. ಆರೋಗ್ಯ ಇನ್ಸ್‌ಪೆಕ್ಟರ್ ಗುರುಲಿಂಗಯ್ಯ ಬಂದು, “ಎಲ್ಲಿ ತುಂಗಕ್ಕ, ನಿಮ್ದು?” ಎಂದಾಗ, “ಬೆಕ್ಕು ಕುಡ್ದು ಹೋಯ್ತು ಕಣಪ್ಪ” ಎಂದೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಆದರೆ ನಾನು ಪುರಸಭೆ ಸದಸ್ಯೆ, ಅದರಲ್ಲೂ ಆರೋಗ್ಯ ಸಮಿತಿಯವಳು. ಅವನು ಮೀಸೆ ತೀಡಿಕೊಂಡು ಮುಂದಿನ ಮನೆಗೆ ಹೋದ.

ನಮ್ಮೂರಲ್ಲಿ ಮನಸ್ಸಿನ ನೆಮ್ಮದಿ ಕೆಟ್ಟವರು ಹಾಕಿದ ಹೆಪ್ಪು ಹಿಡಿಯುವುದಿಲ್ಲ. ಹಾಲು ಒಡೆಯುವುದೂ ಇಲ್ಲ, ಹಳಸುವುದೂ ಇಲ್ಲ, ಬೆಳಗಾದರೂ ಹಾಲೇ. ಹಾಗಾಗಿ ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ಒಂದು ಮಣ್ಣಿನ ಕುಡಿಕೆ. ಸಂಜೆ ಅವರವರ ಕುಡಿಕೆಗೆ ಅವರವರೇ ಹೆಪ್ಪು ಹಾಕಬೇಕು, ಬೆಳಿಗ್ಗೆ ಜಗಲಿಯ ಮೇಲಿಡಬೇಕು. ಇನ್ಸ್‌ಪೆಕ್ಟರ್ ಬಂದು ಓರೆ ಮಾಡಿ ನೋಡುತ್ತಾನೆ. ಕದಲದಿದ್ದರೆ ಸರಿ. ವಾರವಿಡೀ ಹಾಲೇ ಹರಿದರೆ, ಆ ಮನುಷ್ಯ ಗಂಟುಮೂಟೆ ಕಟ್ಟಿಕೊಂಡು ಕೆರೆಯಾಚೆಯ ಮನೆಗೆ ಹೋಗಬೇಕು.

ಆಚೆಮನೆಯನ್ನು ಕಟ್ಟಿಸಿದವರು ಕೆಟ್ಟವರೇನಲ್ಲ. ನೊಂದವರು ನೆಮ್ಮದಿಯಾಗಿ ನಾಲ್ಕು ದಿನ ಮಲಗಲಿ ಎಂದೇ ಕಟ್ಟಿಸಿದ್ದು. ಆದರೆ ಅಲ್ಲಿನ ಕಟ್ಟಳೆ ಒಬ್ಬರಿಗೆ ಒಂದು ಮಂಚ, ಒಂದು ಕುಡಿಕೆ, ಜೊತೆಗೆ ಯಾರೂ ಇಲ್ಲ. ಮೊಲೆಹಾಲು ಕುಡಿಯುವ ಕೂಸಿಗೂ ಪ್ರವೇಶವಿಲ್ಲ. ತನ್ನ ಹಾಲು ಹೆಪ್ಪಾಗುವವರೆಗೆ ಅಲ್ಲೇ ಇರಬೇಕು. ಮನೆಮಂದಿಯನ್ನು ಬಿಟ್ಟು ಗೋಡೆ ನೋಡುತ್ತಾ ಕೂತವರ ಹಾಲು ಹೇಗೆ ಹೆಪ್ಪಾದೀತು? ನಮ್ಮ ಬೀದಿಯ ಸೋಮಕ್ಕ ಗಂಡ ತೀರಿಹೋದಾಗ ಅಲ್ಲಿಗೆ ಹೋದವಳು, ಬರುವಷ್ಟರಲ್ಲಿ ತಲೆ ಬೆಳ್ಳಗಾಗಿತ್ತು. ಅವಳ ಮಕ್ಕಳು ಅವಳನ್ನು ‘ನೀವು’ ಎಂದು ಕರೆದವು.

ಪೂರ್ಣಿಗೆ ತಾಯಿ ಇಲ್ಲ. ಅದಕ್ಕೇ ಹೆರಿಗೆ, ಬಾಣಂತನ ಎಲ್ಲ ನಮ್ಮಲ್ಲೇ ಆಯಿತು. ಮಗ ಲೋಹಿತ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಮದುವೆಯಾಗಿ ಬಂದಾಗ ಈ ಹುಡುಗಿ ನನ್ನ ಬಳೆ ಅಂಗಡಿಯಲ್ಲಿ ಕೂತರೆ ಗಿರಾಕಿಗಳು ಎದ್ದು ಹೋಗುತ್ತಿರಲಿಲ್ಲ, ಅಷ್ಟು ಮಾತು. ಈಗ ಮಗುವನ್ನು ಎತ್ತಿಕೊಂಡರೆ ಎರಡೇ ನಿಮಿಷಕ್ಕೆ, “ಅತ್ತೆ, ಸ್ವಲ್ಪ ಹಿಡ್ಕೊಳಿ” ಎಂದು ನನ್ನ ಕೈಗೆ ಕೊಟ್ಟು ಬಚ್ಚಲಿಗೆ ಹೋಗಿ ನಿಲ್ಲುತ್ತಿದ್ದಳು. ಹಿತ್ತಲ ಬಾಗಿಲು ತೆರೆದಿದ್ದರೆ ಓಡಿಹೋಗಿ ಮುಚ್ಚುತ್ತಿದ್ದಳು. ಏನೆಂದು ಕೇಳಿದರೆ, “ಏನಿಲ್ಲ” ಎನ್ನುತ್ತಿದ್ದಳು. ನನ್ನ ಚೂಪು ಬಾಯಿ ಊರಿಗೆಲ್ಲ ಹೆಸರುವಾಸಿ, ಆದರೆ ಅವಳ ಮುಂದೆ ಅದಕ್ಕೆ ಬೀಗ ಬಿದ್ದುಬಿಟ್ಟಿತ್ತು. ಇವಳನ್ನು ಆಚೆಮನೆಗೆ ಕಳಿಸಿ ಆ ಹಸಿಗೂಸನ್ನು ಮಡಿಲಲ್ಲಿಟ್ಟುಕೊಂಡು ನಾನು ಹೇಗೆ ಬದುಕಲಿ ಎಂಬ ಚಿಂತೆಯಲ್ಲೇ ಎರಡನೆಯ ದಿನ ನನ್ನ ಹೆಪ್ಪೂ ಕೈಕೊಟ್ಟಿತು.

ಆಗ ನೆನಪಾದವರು ಪೈಲ್ವಾನ್ ಕೆಂಪೀರಯ್ಯನವರು. ಆನೆಯಂಥ ಆಳು, ಒಂಟಿ ಜೀವ. ಕುಸ್ತಿ ಬಿಟ್ಟಮೇಲೆ ಊರಿನವರ ಉಳುಕು ತೆಗೆಯುತ್ತಾ ಹಾಯಾಗಿದ್ದರು. ಸಿಡಿಲು ಬಡಿದರೂ ಮಗ್ಗುಲು ಬದಲಿಸಿ ಮಲಗುವ ಜಾತಿ. ಅವರ ಹೆಪ್ಪು ಒಂದು ದಿನವೂ ತಪ್ಪಿದ್ದಿಲ್ಲ. ಎರಡು ಕುಡಿಕೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸಂಜೆ ಅವರ ಹಿತ್ತಲಿಗೆ ಹೋದೆ. ಹೋಗಿ ನೋಡಿದರೆ ಅಲ್ಲಿ ಪುರಸಭೆ ಅಧ್ಯಕ್ಷ ರಾಚಪ್ಪ ಶಾಲಿನೊಳಗೆ ಏನನ್ನೋ ಮರೆಮಾಡಿಕೊಂಡು ನಿಂತಿದ್ದಾನೆ! ಅವನ ಹಿಂದೆ ಸಾಲು. ಸಾಲಿನ ಕೊನೆಯಲ್ಲಿ, ದೇವರಾಣೆ, ಗುರುಲಿಂಗಯ್ಯ.

“ಉಳುಕು ತೆಗ್ಸೋಕೆ ಬಂದಿದ್ದೆ ತುಂಗಕ್ಕ” ಎಂದ ರಾಚಪ್ಪ.

“ನನ್ಗೂ ಉಳುಕೇ” ಎಂದೆ.

ಎಲ್ಲರಿಗೂ ಉಳುಕೇ. ಪೈಲ್ವಾನರು ಯಾರನ್ನೂ ಏನೂ ಕೇಳಲಿಲ್ಲ. ಸೌದೆ ಒಲೆಯ ಪಕ್ಕ ಕುಡಿಕೆಗಳನ್ನು ಜೋಡಿಸಿ ಒಂದೊಂದಕ್ಕೂ ತಮ್ಮ ದಪ್ಪ ಬೆರಳಿನಿಂದ ಹೆಪ್ಪು ಬಿಡುತ್ತಿದ್ದರು. “ಬೆಳಕು ಹರಿಯೋಕ್ ಮುಂಚೆ ಬಂದು ತಗೊಂಡೋಗಿ, ಆಮೇಲೆ ಗುರುಲಿಂಗಯ್ಯ ಬಂದ್ಬುಡ್ತಾನೆ” ಎಂದು ಗುರುಲಿಂಗಯ್ಯನ ಎದುರಿಗೇ ನಕ್ಕರು. ಎಲ್ಲರೂ ಕುಡಿಕೆ ಕೊಟ್ಟು, ಒಬ್ಬರ ಮುಖ ಒಬ್ಬರು ನೋಡದೆ ಸರಸರನೆ ಮನೆಗೆ ಹೋದೆವು. ಹೀಗೆ ನಮ್ಮೂರು ನೂರಕ್ಕೆ ನೂರು ಮೊಸರಿನ ಊರಾಗಿ ಪ್ರತಿವರ್ಷ ಆರೋಗ್ಯದ ಫಲಕ ಗೆಲ್ಲುತ್ತಿತ್ತು. ಪುರಸಭೆಯ ಸಭಾಂಗಣದ ಗೋಡೆಯಲ್ಲಿ ಮೊಳೆ ಹೊಡೆಯಲು ಜಾಗವಿರಲಿಲ್ಲ.

ಇಂಥ ಊರಿಗೆ ಸರ್ಕಾರದವರು ಹೈಮವತಿ ಮೇಡಂ ಅವರನ್ನು ಕಳಿಸಿದರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತೆ, ಪ್ರತಿ ಆರೋಗ್ಯ ಸಮಿತಿಯಲ್ಲೂ ಒಬ್ಬರು ಇರಬೇಕಂತೆ. ಮೊದಲ ಸಭೆಯಲ್ಲಿ ಅವರಿಗೆ ಬಾಗಿಲ ಬಳಿಯ ಕುರ್ಚಿ ಕೊಟ್ಟೆವು. “ನಮ್ಮೂರಲ್ಲಿ ನಿಮ್ಗೆ ಕೆಲ್ಸ ಇಲ್ಲ ಮೇಡಂ, ಆರಾಮಾಗಿರಿ” ಎಂದು ರಾಚಪ್ಪ ಗೋಡೆಯ ಫಲಕಗಳನ್ನು ತೋರಿಸಿದ. ಮೇಡಂ ತಲೆಯಾಡಿಸಿದರು. ಸಣ್ಣ ಆಳು, ಮೆತ್ತಗಿನ ಮಾತು. ಊಟಕ್ಕೆ ಕರೆದವರ ಮನೆಗೆಲ್ಲ ಹೋಗಿ ಬಡಿಸಿದ್ದನ್ನೆಲ್ಲ ಉಂಡರು. ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿದರು.

“ಈ ಊರಲ್ಲಿ ಯಾರ ಮನೆ ಮೊಸರು ತಿಂದ್ರೂ ಒಂದೇ ತರ ಹೊಗೆ ವಾಸ್ನೆ ಬರುತ್ತಲ್ಲ, ಯಾಕೆ? ಎಲ್ಲರ ಮನೇಲೂ ಗ್ಯಾಸ್ ಒಲೆ ಇದೆ.”

ರಾಚಪ್ಪ ಕೆಮ್ಮಿದ. ಗುರುಲಿಂಗಯ್ಯ ಕಿಟಕಿಯಾಚೆ ನೋಡಿದ. “ಆಚೆಮನೆ ಕಟ್ಟಳೆ ಒಂದ್ಸಲ ಚರ್ಚೆ ಮಾಡೋಣ್ವಾ?” ಎಂದರು ಮೇಡಂ. “ಹಿರಿಯರು ಮಾಡಿದ್ದು ಮೇಡಂ, ಚೆನ್ನಾಗೇ ನಡೀತಿದೆ” ಎಂದು ರಾಚಪ್ಪ ಅದನ್ನು ಗಾಳಿಗೆ ತೂರಿಬಿಟ್ಟ. ನಾನು ಬಾಯಿ ತೆರೆಯಲಿಲ್ಲ. ತೆರೆದರೆ ಪೂರ್ಣಿ ಸಿಕ್ಕಿಬೀಳುತ್ತಾಳೆ.

ಮರುದಿನ ಮೇಡಂ ನನ್ನ ಅಂಗಡಿಗೆ ಬಂದರು, ಹಸಿರು ಬಳೆ ಬೇಕೆಂದು. ಒಳಗೆ ಮಗು ಅಳುತ್ತಿತ್ತು. ಕೇಳಿಸಿದರೂ ಕೇಳಿಸದವರಂತೆ ಬಳೆ ಹಾಕಿಸಿಕೊಂಡು ಹೋದರು. ಎರಡು ದಿನ ಬಿಟ್ಟು ಮತ್ತೆ ಬಂದರು, ಈ ಸಲ ಕೆಂಪು. ಕೈತುಂಬ ಬಳೆಯಾದ ಮೇಲೂ ಬಂದರು. “ಈವತ್ತು ಸೊಸೆ ಹಾಕ್ಲಿ ಬಿಡಿ ತುಂಗಮ್ಮ, ನೀವು ಕೈ ಹಿಂಡ್ಬಿಡ್ತೀರಿ” ಎಂದರು. ನನ್ನ ಕಸುಬಿಗೇ ಹೆಸರಿಟ್ಟರಲ್ಲ ಎಂದು ರೇಗಿತು. ಆದರೂ ಪೂರ್ಣಿಯನ್ನು ಕರೆದು, ಮಗುವನ್ನು ಎತ್ತಿಕೊಂಡು ಪರದೆಯ ಹಿಂದೆ ಹೋಗಿ ಕಿವಿಯಾನಿಸಿ ನಿಂತೆ.

ಬಳೆ ತೊಡಿಸುವವರು ತೊಟ್ಟುಕೊಳ್ಳುವವರ ಕೈಯನ್ನು ಬಿಡುವಂತಿಲ್ಲ. ಗೆಣ್ಣನ್ನು ನೀವುತ್ತಾ, ಮಡಚುತ್ತಾ, ನಿಧಾನವಾಗಿ ಏರಿಸಬೇಕು. ಬಳೆಗಳು ಒಂದೊಂದಾಗಿ ಏರುವ ಸದ್ದು ಕೇಳಿಸಿತು. ಆಮೇಲೆ ಪೂರ್ಣಿಯ ದನಿ, ಎಷ್ಟೋ ದಿನವಾದ ಮೇಲೆ.

“ಮೇಡಂ, ಹೆತ್ತ ತಾಯಿಗೇ ಕೆಟ್ಟ ಯೋಚ್ನೆ ಬರುತ್ತಾ?”

“ಎಂಥ ಯೋಚ್ನೆ?”

“ಮಗೂನ ಎತ್ಕೊಂಡಾಗೆಲ್ಲ... ಹಿತ್ಲಲ್ಲಿ ಬಾವಿ ಇದೆ. ಎಸ್ದುಬಿಡ್ತೀನೇನೋ ಅನ್ಸುತ್ತೆ. ನನ್ಗೆ ಬೇಕಂತ ಅಲ್ಲ, ತಾನಾಗೇ ಕಣ್ಮುಂದೆ ಬರುತ್ತೆ. ನಾನು ರಾಕ್ಷಸಿ ಅಲ್ವಾ?”

ಮಗುವನ್ನು ಎದೆಗೆ ಅವುಚಿಕೊಂಡೆ. ಮೇಡಂ ದನಿ ಮಾತ್ರ ಒಂದಿಷ್ಟೂ ಏರಲಿಲ್ಲ.

“ಹಂಗೆ ಕಂಡಾಗ ನೀವೇನ್ ಮಾಡ್ತೀರಿ?”

“ಅತ್ತೆ ಕೈಗೆ ಕೊಟ್ಬಿಡ್ತೀನಿ. ಹಿತ್ಲ ಬಾಗ್ಲು ಹಾಕ್ಬಿಡ್ತೀನಿ. ನಿದ್ದೇನೇ ಮಾಡಲ್ಲ.”

“ಅಂದ್ರೆ ಹಗಲೂ ರಾತ್ರಿ ಮಗೂನ ಕಾಯ್ತಾ ಇದೀರಿ. ರಾಕ್ಷಸಿ ಅಂಥ ಕೆಲ್ಸ ಮಾಡ್ತಾಳಾ? ಹೆತ್ತವರಲ್ಲಿ ಎಷ್ಟೋ ಜನಕ್ಕೆ ಇಂಥ ಯೋಚ್ನೆ ಬರುತ್ತೆ ಪೂರ್ಣಿಮಾ, ಯಾರೂ ಬಾಯಿ ಬಿಡಲ್ಲ ಅಷ್ಟೆ. ಬಂದ ಯೋಚ್ನೆ ಬೇರೆ, ಮಾಡೋ ಕೆಲ್ಸ ಬೇರೆ. ಇದು ವಾಸಿಯಾಗುತ್ತೆ. ಮೊದ್ಲು ನಿಮ್ಗೆ ನಿದ್ದೆ ಬೇಕು.”

ಪೂರ್ಣಿ ಬಿಕ್ಕಿ ಬಿಕ್ಕಿ ಅತ್ತಳು. ಪರದೆಯ ಹಿಂದೆ ನಾನೂ ಅತ್ತೆ. ಆ ರಾತ್ರಿಯಿಂದ ಮಗು ನನ್ನ ಮಗ್ಗುಲಲ್ಲಿ, ಪೂರ್ಣಿ ಬಾಗಿಲು ಹಾಕಿಕೊಂಡು ಬೇರೆ ಕೋಣೆಯಲ್ಲಿ. ಹಾಲೂಡುವ ಹೊತ್ತಿಗೆ ನಾನೇ ಎಬ್ಬಿಸಿ ಪಕ್ಕದಲ್ಲಿ ಕೂರುತ್ತಿದ್ದೆ. ಮೇಡಂ ವಾರಕ್ಕೆ ಎರಡು ಸಲ ಬಂದು ಅವಳ ಜೊತೆ ಮಾತಾಡುತ್ತಿದ್ದರು. ಒಂದು ದಿನ ಇಬ್ಬರೂ ಮಗುವನ್ನು ಎತ್ತಿಕೊಂಡು ಬಾವಿಯ ತನಕ ಹೋಗಿ ಬಂದರು. ಪೂರ್ಣಿ ಬೆವತುಬಿಟ್ಟಿದ್ದಳು, ಆದರೆ ಮಗು ಅವಳ ಕೈಯಲ್ಲೇ ಇತ್ತು. ಇಷ್ಟಾದರೂ ಹೆಪ್ಪು ಹಿಡಿಯಲಿಲ್ಲ. “ಆಚೆಮನೆ ಭಯ ಇರೋ ತನಕ ಅದು ಹಿಡಿಯೋದು ಕಷ್ಟ” ಎಂದರು ಮೇಡಂ. ನನ್ನ ಕುಡಿಕೆ, ಅವಳ ಕುಡಿಕೆ ದಿನವೂ ಪೈಲ್ವಾನರ ಒಲೆಗೆ ಹೋಗಿಬರುತ್ತಿದ್ದವು.

ಆಮೇಲೆ ಆ ಬೆಳಿಗ್ಗೆ ಬಂತು. ನಸುಕಿನಲ್ಲಿ ಕುಡಿಕೆ ತರಲು ಹೋದರೆ ಪೈಲ್ವಾನರ ಮನೆಯ ಬಾಗಿಲು ಹಾಕಿತ್ತು, ಕುಡಿಕೆಗಳೆಲ್ಲ ಹೊರಗೆ ಸಾಲಾಗಿದ್ದವು. ಎತ್ತಿಕೊಂಡೆ. ತುಳುಕಿತು. ಪಕ್ಕದವರು ತಮ್ಮದನ್ನು ಎತ್ತಿದರು. ಅದೂ ತುಳುಕಿತು. ರಾಚಪ್ಪನದು ಅವನ ಶಾಲನ್ನೇ ನೆನೆಸಿತು. ಹೊತ್ತೇರುವಷ್ಟರಲ್ಲಿ ಊರಿನ ಜಗಲಿಗಳ ಮೇಲೆಲ್ಲ ಹಾಲು. ಗುರುಲಿಂಗಯ್ಯ ನಾಲ್ಕು ಬೀದಿ ಓರೆ ಮಾಡಿ ನೋಡಿ, ಐದನೆಯ ಬೀದಿಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ. ಅವನ ಪ್ಯಾಂಟೆಲ್ಲ ಹಾಲಾಗಿತ್ತು. ಸಂಜೆ ಪೈಲ್ವಾನರ ಮುಚ್ಚಿದ ಬಾಗಿಲ ಮುಂದೆಯೇ ಕುಡಿಕೆ ಇಟ್ಟು ಬಂದೆವು, ಮಾರನೆಯ ದಿನವೂ ಹಾಗೆಯೇ. ಅದರ ಮಾರನೆಯ ದಿನವೂ. ವಾರ ತುಂಬುತ್ತಾ ಬಂದಾಗ ರಾಚಪ್ಪ ತುರ್ತು ಸಭೆ ಕರೆದ.

ಸಭಾಂಗಣ ಕಿಕ್ಕಿರಿದಿತ್ತು. ಬಾಗಿಲಲ್ಲಿ, ಕಿಟಕಿಯಲ್ಲಿ ಜನ. ಗುರುಲಿಂಗಯ್ಯ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. “ಕಟ್ಟಳೆ ಪ್ರಕಾರ ನಾಳೆ ಬೆಳಿಗ್ಗೆ ಎಲ್ರೂ ಆಚೆಮನೆಗೆ ಹೋಗ್ಬೇಕು. ಅಲ್ಲಿರೋದು ಒಂದು ಡಜನ್ ಮಂಚ. ಮೊದ್ಲು ಯಾರ್ನ ಕಳ್ಸೋದು ಅಂತ ಸಭೆ ತೀರ್ಮಾನ ಮಾಡ್ಲಿ.”

“ಹೊಸ್ದಾಗಿ ಹೆತ್ತೋರು ಯಾರಾದ್ರೂ ಇದ್ರೆ ಮೊದ್ಲು ಅವ್ರು ಹೋಗ್ಲಿ. ಅವ್ರ ಮನಸ್ಸು ಮೊದ್ಲೇ ಸೂಕ್ಷ್ಮ” ಎಂದ ಒಬ್ಬ ಸದಸ್ಯ, ತನ್ನ ಸರದಿ ತಪ್ಪಲಿ ಎಂದು. ಹಲವರು ತಲೆಯಾಡಿಸಿದರು. ಎದ್ದು ನಾಲ್ಕು ಬಿಡೋಣವೆಂದು ಸೆರಗು ಸಿಕ್ಕಿಸುವಷ್ಟರಲ್ಲಿ, ಬಾಗಿಲ ಕಡೆ ಜನ ಸರಿದು ದಾರಿ ಬಿಟ್ಟರು. ಪೂರ್ಣಿ ನಿಂತಿದ್ದಳು, ಮಗುವನ್ನು ಎತ್ತಿಕೊಂಡು. ದನಿ ನಡುಗಲಿಲ್ಲ.

“ನನ್ನ ಹಾಲು ಹೆಪ್ಪಾಗ್ದೇ ಇರೋದು ಈ ವಾರದಿಂದ ಅಲ್ಲ. ಬಾಣಂತನ ಮುಗಿದಾಗ್ಲಿಂದ ಒಂದು ದಿನಾನೂ ಆಗಿಲ್ಲ. ನನ್ಗೆ ಹುಷಾರಿಲ್ಲ, ಹುಷಾರಾಗ್ತಾ ಇದೀನಿ. ಆದ್ರೆ ಮಗೂನ ಬಿಟ್ಟು ಹೋಗು ಅಂದ್ರೆ ನಾನು ಹೋಗಲ್ಲ. ಎತ್ಕೊಂಡೋಗಿ ಹಾಕಿ ಬೇಕಾದ್ರೆ. ಇಷ್ಟು ದಿನ ನನ್ನ ಕುಡಿಕೇಲಿ ಇದ್ದಿದ್ದು ಪೈಲ್ವಾನ್ ತಾತನ ಮೊಸರು.”

ಯಾರೂ ಅವಳನ್ನು ಬೈಯಲಿಲ್ಲ. ಹಿಂದಿನಿಂದ ಸೋಮಕ್ಕನ ದನಿ ಬಂತು, “ನಂದೂ ಅವರದೇ ಕಣವ್ವ.” ಆಮೇಲೆ ಒಬ್ಬೊಬ್ಬರೇ. ನಂದೂ, ನಂದೂ. ಕೊನೆಗೆ ಗುರುಲಿಂಗಯ್ಯ ತಲೆ ತಗ್ಗಿಸಿ ಕೈ ಎತ್ತಿದ. ರಾಚಪ್ಪ ತನ್ನ ಶಾಲನ್ನು ಬಿಚ್ಚಿ ಮೇಜಿನ ಮೇಲಿಟ್ಟ.

ಆಗ ಹೈಮವತಿ ಮೇಡಂ ಬಾಗಿಲ ಬಳಿಯ ಕುರ್ಚಿಯಿಂದ ಎದ್ದರು. “ನೂರಕ್ಕೆ ನೂರು ಅಂತ ನೀವು ಬರೀತಾ ಬಂದಿದ್ದು ಪೈಲ್ವಾನರೊಬ್ಬರ ಆರೋಗ್ಯ. ಕುಡಿಕೆ ಸುಳ್ಳು ಹೇಳಲ್ಲ. ಅದು ನಿಜ ಹೇಳಿದಾಗೆಲ್ಲ ಶಿಕ್ಷೆ ಆಗ್ತಿತ್ತು, ಅದಕ್ಕೆ ಜನ ಕುಡಿಕೆಗೂ ಸುಳ್ಳು ಕಲಿಸಿದ್ರು. ಜ್ವರ ಬಂದೋರ್ನ ಊರಾಚೆ ಹಾಕ್ತೀವಿ ಅಂದ್ರೆ ಯಾರು ಥರ್ಮಾಮೀಟರ್ ಬಾಯಿಗಿಟ್ಕೋತಾರೆ? ಕಟ್ಟಳೆ ಬದಲಾಯಿಸೋಣ, ಅದಕ್ಕೇ ನಾನು ಬಂದಿರೋದು. ಆದ್ರೆ ಅದಕ್ಕೆ ಮುಂಚೆ ಒಂದು ಮಾತು. ಇಡೀ ಊರಿಗೆ ಹೆಪ್ಪು ಹಾಕೋರ ಹಾಲೇ ಒಂದು ವಾರದಿಂದ ಹಿಡೀತಿಲ್ಲ. ಅವರಿಗೆ ಏನಾಗಿದೆ ಅಂತ ಯಾರಾದ್ರೂ ಹೋಗಿ ಕೇಳಿದ್ರಾ?”

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಪ್ರತಿ ನಸುಕಿನಲ್ಲೂ ಹೋಗಿದ್ದೆವು, ಕುಡಿಕೆ ತುಳುಕಿಸಿ ನೋಡಿ ತಲೆ ಚಚ್ಚಿಕೊಂಡು ಬಂದಿದ್ದೆವು. ಒಬ್ಬರೂ ಬಾಗಿಲು ತಟ್ಟಿರಲಿಲ್ಲ.

ಸಭೆ ಇದ್ದಂತೆಯೇ ಎದ್ದು ಪೈಲ್ವಾನರ ಮನೆಗೆ ನಡೆಯಿತು. ಅವರು ಆರಿದ ಒಲೆಯ ಮುಂದೆ ಕೂತಿದ್ದರು. ಅಷ್ಟು ದೊಡ್ಡ ಆಳು ಒಂದು ವಾರದಲ್ಲಿ ಸೊರಗಿಹೋಗಿದ್ದರು. ನಮ್ಮನ್ನೆಲ್ಲ ಕಂಡು ಎದ್ದು ಕೈಮುಗಿದರು. “ತಪ್ಪಾಯ್ತು ಕಣ್ರಪ್ಪ. ನಿಮ್ಮುನ್ನೆಲ್ಲ ಕೆಡುಸ್ಬುಟ್ಟೆ. ನಂಗೆ ಇದ್ದವ್ಳು ಅಂದ್ರೆ ತಂಗಿ ಒಬ್ಳು, ದೂರದೂರಿಗೆ ಕೊಟ್ಟಿದ್ವಿ. ಹೋಗ್ಬುಟ್ಳು ಅಂತ ಸುದ್ದಿ ಬಂತು. ಮಣ್ಣಿಗೂ ಹೋಗ್ಲಿಲ್ಲ ನಾನು. ಹೋದ್ರೆ ಸಂಜೆ ನಿಮ್ಗೆ ಹೆಪ್ಪು ಹಾಕೋರ್ಯಾರು? ಅತ್ರೆ ಕೆಡ್ತದೆ ಅಂತ ಅಳ್ಲೂ ಇಲ್ಲ. ಆದ್ರೂ ಕೆಟ್ಟೋಯ್ತು.”

ರಾಚಪ್ಪ ಮೊದಲು ಹೋಗಿ ಅವರ ಪಕ್ಕ ನೆಲದ ಮೇಲೆ ಕೂತ. ಆ ಮನುಷ್ಯನ ಬಗ್ಗೆ ನನಗೆ ಮೊದಲ ಸಲ ಗೌರವ ಬಂದದ್ದು ಆಗಲೇ. “ಅತ್ಬುಡಿ ಅಣ್ಣ” ಎಂದ. ಪೈಲ್ವಾನರು ಅತ್ತರು. ಗೋಡೆಯಲ್ಲಿ ತೂಗುಹಾಕಿದ್ದ ಗದೆ ಅಲ್ಲಾಡುವಂತೆ ಅತ್ತರು. ಯಾರೂ ಎದ್ದು ಹೋಗಲಿಲ್ಲ. ಎಷ್ಟೋ ಹೊತ್ತಾದ ಮೇಲೆ, ಎಲ್ಲರಿಗೂ ಬಾಯಿ ಒಣಗಿದಾಗ, ಸೋಮಕ್ಕ ಒಲೆ ಹಚ್ಚಿದಳು. ಹಾಲಿಗೇನು ಕೊರತೆ? ಕುಡಿಕೆಗಟ್ಟಲೆ ಇತ್ತಲ್ಲ. ಕೆಡದ ಹಾಲು, ಒಡೆಯದ ಹಾಲು. ಅದನ್ನೇ ಮನೆಮನೆಯಿಂದ ತರಿಸಿ, ಕಾಯಿಸಿ ಕಾಫಿ ಮಾಡಿದಳು. ಹೊಗೆಯ ವಾಸನೆಯ ಆ ಕಾಫಿಯನ್ನು ಕುಡಿಯುತ್ತಾ ಊರಿನವರು ತಮ್ಮ ತಮ್ಮ ಕಥೆ ಹೇಳಿಕೊಂಡರು. ರಾಚಪ್ಪನಿಗೆ ಮಗನ ಜೊತೆ ಮಾತು ಬಿಟ್ಟುಹೋಗಿತ್ತಂತೆ. ಗುರುಲಿಂಗಯ್ಯನಿಗೆ ದಿನ ಬೆಳಗಾದರೆ ಯಾರ ಮನೆಯನ್ನು ಒಡೆಯಬೇಕಾಗುತ್ತದೋ ಎಂಬ ದಿಗಿಲಂತೆ. ಪಾಪ, ಅವನನ್ನು ನಾನು ಎಷ್ಟು ಆಡಿಕೊಂಡಿದ್ದೆ!

ಹೊಸ ಕಟ್ಟಳೆ ಹುಟ್ಟಿದ್ದು ಆ ಅಡುಗೆಮನೆಯಲ್ಲೇ. ಮೇಡಂ ಹೇಳುತ್ತಾ ಹೋದರು, ನಾವು ಚೌಕಾಶಿ ಮಾಡುತ್ತಾ ಹೋದೆವು. ಇನ್ನು ಮೇಲೆ ಯಾರ ಕುಡಿಕೆಯನ್ನೂ ಯಾರೂ ಓರೆ ಮಾಡುವಂತಿಲ್ಲ. ಹಾಲು ಉಳಿದವರು, ಮನಸ್ಸಿದ್ದರೆ, ಕುಡಿಕೆಯ ಮುಚ್ಚಳ ತೆಗೆದು ಜಗಲಿಯ ಮೇಲಿಡಬಹುದು. ಕಂಡವರು ಒಳಗೆ ಹೋಗಿ ಆ ಹಾಲಿನಲ್ಲಿ ಕಾಫಿ ಮಾಡಿಸಿಕೊಂಡು ಕುಡಿದು, ಕೂತು, ಮಾತು ಕೇಳಿ ಬರಬೇಕು. ಕಾಫಿಯಿಂದ ವಾಸಿಯಾಗದ್ದಕ್ಕೆ ಮೇಡಂ ಇದ್ದಾರೆ, ಪ್ರತಿ ವಾರ್ಡಿಗೂ ಅವರ ದಿನ ಗೊತ್ತುಮಾಡಬೇಕು. ಬಾಣಂತಿಯರ ಮನೆಗೆ ದಾದಿ ಬಂದಾಗ ಕೂಸಿನ ತೂಕ ನೋಡುವಂತೆಯೇ ತಾಯಿಯ ನಿದ್ದೆಯನ್ನೂ ವಿಚಾರಿಸಬೇಕು. ಆಚೆಮನೆ ಇರಲಿ, ಆದರೆ ಬೇಕೆಂದವರು ಹೋಗಲಿ, ಬೇಕಾದವರನ್ನು ಕರೆದುಕೊಂಡು ಹೋಗಲಿ, ಬೇಸರವಾದಾಗ ಬರಲಿ.

“ಮತ್ತೆ ನಮ್ ಫಲಕ?” ಎಂದ ರಾಚಪ್ಪ.

“ಈ ವರ್ಷ ಬರಲ್ಲ. ಆದ್ರೆ ಬರೋ ಅಂಕಿ ನಿಮ್ದೇ ಆಗಿರುತ್ತೆ” ಎಂದರು ಮೇಡಂ. ಮುಂದಿನ ಸಭೆಯಲ್ಲಿ ಅವರ ಕುರ್ಚಿ ಬಾಗಿಲ ಬಳಿಯಿಂದ ಮೇಜಿನ ಬಳಿಗೆ ಬಂತು. ಜರುಗಿಸಿದ್ದು ನಾನೇ.

ಮೊದಲ ದಿನಗಳಲ್ಲಿ ಮುಚ್ಚಳ ತೆಗೆಯಲು ಎಲ್ಲರಿಗೂ ಸಂಕೋಚ. ಮೊದಲು ತೆರೆದಿಟ್ಟವರು ಪೈಲ್ವಾನರು. ಅವರ ಮನೆಗೆ ಎಷ್ಟು ಜನ ನುಗ್ಗಿದರೆಂದರೆ ನಾವು ನಮ್ಮ ನಮ್ಮ ಮನೆಯಿಂದಲೇ ಹಾಲು ಒಯ್ಯಬೇಕಾಯಿತು. ಆಮೇಲೆ ಅವರು ತಂಗಿಯ ಊರಿಗೆ ಹೋಗಿ, ಅವಳ ಮಕ್ಕಳ ಜೊತೆ ಇದ್ದು, ತಿಂಗಳು ಕಳೆದು ಬಂದರು. ಅಲ್ಲಿಯವರೆಗೆ ಊರು ಅವರಿಲ್ಲದೆಯೇ ಹೇಗೋ ಹೆಪ್ಪು ಹಾಕಿಕೊಂಡಿತು. ಗುರುಲಿಂಗಯ್ಯನ ಕೆಲಸ ಹೋಗಲಿಲ್ಲ. ತೆರೆದ ಕುಡಿಕೆಗಳ ಮನೆಗೆಲ್ಲ ಹೋಗಿ ಕಾಫಿ ಕುಡಿಯುವುದೇ ಈಗ ಅವನ ಡ್ಯೂಟಿ. “ಹೊಟ್ಟೆ ಉರಿ ತುಂಗಕ್ಕ, ಟೀ ಆದ್ರೂ ಮಾಡ್ಸಿ ಕಟ್ಟಳೇಲಿ” ಎಂದು ಗೋಳಾಡುತ್ತಾನೆ. ಮುಖ ಮಾತ್ರ ಹೊಳೆಯುತ್ತಿರುತ್ತದೆ.

ನಮ್ಮ ಜಗಲಿಯ ಮೇಲೂ ಪೂರ್ಣಿಯ ಕುಡಿಕೆ ಬಾಯಿ ತೆರೆದು ಕೂರುತ್ತಿತ್ತು. ನೆರೆಯವರು ಬರುತ್ತಿದ್ದರು. ಮೂರು ಮಕ್ಕಳ ತಾಯಿಯೊಬ್ಬಳು ಕಾಫಿ ಲೋಟ ಹಿಡಿದುಕೊಂಡು, “ನಂಗೆ ಬಾವಿ ಅಲ್ಲ, ಈಳಿಗೆ ಮಣೆ ಕಣೆ” ಎಂದು ಪಿಸುಗುಟ್ಟಿದಳು. ಇಬ್ಬರೂ ಕೈ ಹಿಡಿದುಕೊಂಡು ಅತ್ತು, ಆಮೇಲೆ ಯಾವುದಕ್ಕೋ ನಕ್ಕರು. ಲೋಹಿತ ಲಾರಿಯನ್ನು ಹತ್ತಿರದ ದಾರಿಗೆ ಬದಲಾಯಿಸಿಕೊಂಡು ಮಗುವಿನ ಬಟ್ಟೆ ಒಗೆಯಲು ಕಲಿತ. ಹಿತ್ತಲ ಬಾಗಿಲು ಗಾಳಿಗೆ ತೆರೆದುಕೊಂಡರೆ ಈಗ ಹಾಗೆಯೇ ಇರುತ್ತಿತ್ತು. ನಾನು ಮಾತ್ರ ದಿನವೂ ನಸುಕಿನಲ್ಲಿ ಕಳ್ಳಿಯಂತೆ ಅವಳ ಕುಡಿಕೆಯನ್ನು ಓರೆ ಮಾಡಿ ನೋಡುತ್ತಿದ್ದೆ. ಕಟ್ಟಳೆ ಮಾಡಿದವಳೇ ಮುರಿಯುತ್ತಿದ್ದೆ, ಏನು ಮಾಡಲಿ, ಅತ್ತೆಯ ಜೀವ. ದಿನವೂ ಹಾಲು.

ಒಂದು ದಿನ ಅಂಗಡಿಯಲ್ಲಿ ಮದುವೆಯವರು ಬಳೆಗೆ ಮುತ್ತಿಗೆ ಹಾಕಿದ್ದರು. ಪೂರ್ಣಿ ಮಗುವನ್ನು ಸೊಂಟದಲ್ಲಿ ಏರಿಸಿಕೊಂಡೇ ಗಿರಾಕಿಗಳ ಜೊತೆ ಚೌಕಾಶಿಗಿಳಿದಿದ್ದಳು. ನಸುಕಿನಿಂದಲೇ ಅವಳಿಗೂ ಬಿಡುವಿಲ್ಲ, ನನಗೂ ಇಲ್ಲ. ಮಧ್ಯಾಹ್ನ ದಾಟಿದ ಮೇಲೆ ಊಟಕ್ಕೆ ಕೂತೆವು. ಸಾರು ಮುಗಿಯಿತು. ಮೊಸರಿಗೆಂದು ಕೈಗೆ ಸಿಕ್ಕ ಕುಡಿಕೆಯನ್ನು ಬಗ್ಗಿಸಿದೆ. ಮೊಸರು ಗಟ್ಟಿಯಾಗಿ, ಇಡಿಯಾಗಿ ಅವಳ ತಟ್ಟೆಗೆ ಜಾರಿತು. ನೋಡಿದರೆ ಕೈಯಲ್ಲಿರುವುದು ಅವಳದೇ ಕುಡಿಕೆ.

ಅವಳಿಗೆ ಅದೊಂದೂ ಗೊತ್ತಾಗಲಿಲ್ಲ. ಒಂದು ಕೈಯಲ್ಲಿ ಮಗುವನ್ನು ತಡೆಯುತ್ತಾ, ಇನ್ನೊಂದು ಕೈಯಲ್ಲಿ ಅನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದಳು.

“ಥೂ, ಏನತ್ತೆ ಇದು, ಇಷ್ಟು ಹುಳಿ! ಬೆಳಿಗ್ಗೇನೇ ತಿನ್ನೋಕಾಗ್ತಿರ್ಲಿಲ್ವಾ?”

“ಹುಳೀನೇ ಕಣೆ” ಎಂದೆ. ಅಷ್ಟು ಹೇಳುವಷ್ಟರಲ್ಲಿ ನಗು, ಅಳು ಎರಡೂ ಒಟ್ಟಿಗೆ ಬಂದುಬಿಟ್ಟವು. ಅವಳ ತಟ್ಟೆಯಿಂದಲೇ ಒಂದು ತುತ್ತು ಎತ್ತಿ ಬಾಯಿಗಿಟ್ಟುಕೊಂಡೆ. ನಿಜಕ್ಕೂ ಕೆಟ್ಟ ಹುಳಿ. ಹೊಗೆಯ ವಾಸನೆ ಮಾತ್ರ ಒಂದಿಷ್ಟೂ ಇರಲಿಲ್ಲ.